ಓಟ, ಊಟ, ಓಡಾಟ: ನೀವು ಕೇಳಿದ್ದಕ್ಕೆ ನಾನು ಹೇಳಿದ್ದು

ತಿನ್ನೋದು, ತಿರುಗೋದು, ಓಡೋದು, ಇವುಗಳ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಬಂದ ಪತ್ರಗಳನ್ನು ನೋಡಿದರೆ ಯಾಕಾದರೂ ಬರೆದೆನೋ ಅನ್ನಿಸುತ್ತಿದೆ. ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ, ಕೋಚ್ ಅಲ್ಲ. ಹದಿನೈದು ವರ್ಷದಿಂದ ನಿಧಾನಕ್ಕೆ ಓಡುತ್ತಾ, ಬೇಗ ಬೇಗ ತಿನ್ನುತ್ತಾ ಬಂದಿರುವ ಒಬ್ಬ ಸಾಮಾನ್ಯ ಮನುಷ್ಯ. ಪದಕ ಗೆದ್ದವರ ಸಲಹೆ ಬೇಕಿದ್ದರೆ ಪುಟ ತಿರುಗಿಸಿ ಮುಂದೆ ಹೋಗಬಹುದು, ಬೇಜಾರಿಲ್ಲ.

ಪ್ರಶ್ನೆ: ನನಗೆ ಸಿಹಿ ಅಂದರೆ ಪ್ರಾಣ. ಮೂರು ತಿಂಗಳಿಂದ ಓಡುತ್ತಿದ್ದೇನೆ, ವಾರಕ್ಕೆ ಮೂರು ದಿನ, ದಿನಕ್ಕೆ 5 ಕಿ.ಮೀ. ಇಷ್ಟು ಓಡಿದರೆ ಎಷ್ಟು ಸಿಹಿ ತಿನ್ನಬಹುದು? ಒಂದು ಲೆಕ್ಕ ಹೇಳಿ. – ಸಿಹಿಪ್ರಿಯೆ

ಉತ್ತರ: ಲೆಕ್ಕ ಕೇಳಿದ್ದೀರಿ, ಲೆಕ್ಕವನ್ನೇ ಮೊದಲು ಕೊಡುತ್ತೇನೆ. ಓಡುವಾಗ ಮೈತೂಕದ ಪ್ರತಿ ಕಿಲೋಗೆ, ಪ್ರತಿ ಕಿ.ಮೀ.ಗೆ, ಅಂದಾಜು ಒಂದು ಕ್ಯಾಲೊರಿ ಖರ್ಚಾಗುತ್ತದೆ. ನೀವು 60 ಕಿಲೋ ಇದ್ದೀರಿ ಅಂತಿಟ್ಟುಕೊಳ್ಳಿ, 5 ಕಿ.ಮೀ.ಗೆ 300. ಬೇಗ ಓಡಿದರೂ ನಿಧಾನ ಓಡಿದರೂ ಹೆಚ್ಚುಕಡಿಮೆ ಅಷ್ಟೇ. ಈಗ ತಟ್ಟೆ ಕಡೆ ನೋಡಿ. ಸಕ್ಕರೆ, ಬೆಣ್ಣೆ ಧಾರಾಳವಾಗಿ ಬಿದ್ದ ಸಿಹಿ ಎರಡು ತುಂಡು ಹೊಟ್ಟೆಗೆ ಹೋದರೆ ಆ 300 ಅಲ್ಲಿಗೆ ಸರಿಹೋಯಿತು. ಓಡಿದ್ದು ಮುಕ್ಕಾಲು ಗಂಟೆ, ತಿಂದಿದ್ದು ಎರಡು ನಿಮಿಷ. ಈ ವ್ಯಾಪಾರದಲ್ಲಿ ಲಾಭ ಮಾಡಿದವರನ್ನು ನಾನು ಕಂಡಿಲ್ಲ.

ನಾನೂ ಒಂದು ಕಾಲದಲ್ಲಿ ಇದೇ ವ್ಯಾಪಾರ ಮಾಡಿದವನು. ಒಂದು ಪುಟ್ಟ ನೋಟ್‌ಬುಕ್, ಎಡಗಡೆ ತಿಂದದ್ದು, ಬಲಗಡೆ ಓಡಿದ್ದು. ಗೆಳೆಯನ ಮಗಳ ಹುಟ್ಟುಹಬ್ಬದಲ್ಲಿ ಕೇಕಿನ ತುಂಡು ಕೈಯಲ್ಲಿ ಹಿಡಿದುಕೊಂಡು 'ಇದಕ್ಕೆ ನಾಲ್ಕು ಕಿಲೋಮೀಟರ್' ಅಂತ ಗೊಣಗಿದ್ದು ಆ ಮಗುವಿಗೆ ಕೇಳಿಸಿತು. 'ಅಂಕಲ್, ನಿಮಗೆ ಇಷ್ಟ ಇಲ್ಲ ಅಂದ್ರೆ ನಂಗೇ ಕೊಡಿ' ಅಂತು. ಕೊಟ್ಟೆ. ಅವತ್ತೇ ಮನೆಗೆ ಬಂದು ನೋಟ್‌ಬುಕ್ ಹರಿದು ಹಾಕಿದೆ ಅಂದಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ, ಇನ್ನೂ ಆರು ತಿಂಗಳು ಬರೆದೆ. ಆಮೇಲೆ ಒಮ್ಮೆ ಜ್ವರ ಬಂದು ಎರಡು ವಾರ ಓಡಲಿಲ್ಲ, ಬಲಗಡೆ ಪುಟ ಖಾಲಿ. ಹಾಗಂತ ಹಸಿವೇನು ಸುಮ್ಮನಿರುತ್ತದಾ? ಎಡಗಡೆ ತುಂಬುತ್ತಾ ಹೋಯಿತು. ಆಗ ಬಿಟ್ಟೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಾಣುವ ತೊಂದರೆ ಅದೇ. ಹೀಗೆ ತೂಗಿ ನೋಡಲು ಶುರು ಮಾಡಿದರೆ ಓಟ ದಂಡ ಕಟ್ಟಿದ ಹಾಗೆ ಆಗುತ್ತದೆ, ಸಿಹಿ ಲಂಚ ತಿಂದ ಹಾಗೆ ಆಗುತ್ತದೆ. ಎರಡರ ರುಚಿಯೂ ಹೋಗುತ್ತದೆ. ಓಡದ ದಿನವೂ ಸಿಹಿ ತಿನ್ನಿ. ನಿಜವಾಗಿ ಇಷ್ಟವಾದದ್ದನ್ನು, ಕೂತುಕೊಂಡು, ಚಿಕ್ಕ ತುಂಡು. ಇಷ್ಟವಿಲ್ಲದ್ದನ್ನು ಸುಮ್ನೆ ಎದುರಿಗಿದೆ ಅಂತ ತಿನ್ನಬೇಡಿ, ಅಷ್ಟೇ. ಇನ್ನೊಂದು ಮಾತು. ಓಡಲು ಶುರು ಮಾಡಿದ ಹೊಸದರಲ್ಲಿ ಹಸಿವು ಜಾಸ್ತಿ ಆಗುತ್ತದೆ. ಬೆಳಿಗ್ಗೆ ಓಡಿ ಬಂದು ಬರೀ ಕಾಫಿ ಕುಡಿದು ಕೆಲಸಕ್ಕೆ ಹೋದರೆ ಹನ್ನೊಂದು ಗಂಟೆಗೆ ಕೈ ತಾನಾಗಿ ಸಿಹಿಯ ಡಬ್ಬಿಗೆ ಹೋಗುತ್ತದೆ. ಓಡಿ ಬಂದ ಒಂದು ಗಂಟೆಯೊಳಗೆ ಹೊಟ್ಟೆ ತುಂಬಾ ತಿಂಡಿ ತಿನ್ನಿ, ಅದರಲ್ಲಿ ಕಾಳೋ ಮೊಟ್ಟೆಯೋ ಹಾಲೋ ಏನಾದರೂ ಇರಲಿ. ಡಬ್ಬಿಯ ಸೆಳೆತ ಅರ್ಧ ಕಮ್ಮಿಯಾಗುತ್ತದೆ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಈ ಉತ್ತರ ಹೊಂದುವುದಿಲ್ಲ, ಅವರು ಡಾಕ್ಟರನ್ನೇ ಕೇಳಬೇಕು.

ಪ್ರಶ್ನೆ: ನಾನು ಓಡುವಾಗ ವಾಕಿಂಗ್ ಬಂದ ಅಜ್ಜ ನನ್ನನ್ನು ದಾಟಿಕೊಂಡು ಹೋಗುತ್ತಾರೆ. ಎರಡು ವರ್ಷ ಆಯಿತು, ವೇಗ ಬರಲೇ ಇಲ್ಲ. ಇದನ್ನು ಓಟ ಅನ್ನಬಹುದಾ? – ಆಮೆ

ಉತ್ತರ: ಎರಡು ವರ್ಷ ಬಿಡದೆ ಓಡಿದ್ದೀರಲ್ಲ, ಮೊದಲು ಅದಕ್ಕೊಂದು ಶಹಬ್ಬಾಸ್. ನಾಚಿಕೆ ಪಡಬೇಕಾದವರು ಶೂ ಕೊಂಡು ಕಪಾಟಿನಲ್ಲಿಟ್ಟವರು. ಆ ಅಜ್ಜನಿಗೂ ಒಂದು ನಮಸ್ಕಾರ ಹೇಳಿ, ಅವರು ಚೆನ್ನಾಗಿ ನಡೆಯುತ್ತಾರೆ ಅನ್ನಿಸುತ್ತದೆ.

ವೇಗ ಸರಿಯಿದೆಯಾ ಅಂತ ನೋಡಲು ವಾಚ್ ಬೇಡ. ಪಕ್ಕದವರ ಜೊತೆ ಹರಟೆ ಹೊಡೆಯುತ್ತಾ ಓಡಲು ಆಗುತ್ತಿದೆಯಾ? ಸರಿಯಿದೆ. ಒಂದೊಂದೇ ಪದ ಏದುಸಿರಿನ ನಡುವೆ ಹೊರಬರುತ್ತಿದೆಯಾ? ಜಾಸ್ತಿಯಾಯಿತು. ಹೃದಯ, ಸ್ನಾಯುಗಳ ಒಳಗಿನ ಸಣ್ಣ ರಕ್ತನಾಳ, ಕೊಬ್ಬನ್ನು ಉರಿಸುವ ಶಕ್ತಿ, ಇವೆಲ್ಲ ನಿಧಾನದ ಓಟದಲ್ಲಿ ಚೆನ್ನಾಗಿಯೇ ಬೆಳೆಯುತ್ತವೆ. ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಆದರೆ ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳು ಬೇಕು. ಹೊಸಬರು ನೋವು ಮಾಡಿಕೊಳ್ಳುವುದು ಇದರಿಂದಲೇ. ಉಸಿರು 'ಓಡು' ಅನ್ನುತ್ತದೆ, ಮೊಣಕಾಲು 'ಇರಪ್ಪಾ ಸ್ವಲ್ಪ' ಅನ್ನುತ್ತದೆ. ಕೀನ್ಯಾದ ಎಲಿಯುಡ್ ಕಿಪ್‌ಚೋಗೆ 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು, ಅಂದರೆ ಒಂದು ಕಿ.ಮೀ.ಗೆ 2 ನಿಮಿಷ 50 ಸೆಕೆಂಡ್. ವೇಗ ಹಿಡಿದುಕೊಡುವ ಜೊತೆಗಾರರು ಸರದಿ ಮೇಲೆ ಬಂದು ಓಡಿದ್ದರಿಂದ ಅದು ಅಧಿಕೃತ ದಾಖಲೆ ಆಗಲಿಲ್ಲ, ಆ ಮಾತು ಬೇರೆ. ನಾನು ಹೇಳಬೇಕೆಂದಿರುವುದು, ಅಂಥ ಮನುಷ್ಯನೂ ಸುಲಭದ ದಿನ ಬಹಳ ನಿಧಾನವಾಗಿ ಓಡುತ್ತಾರೆ. ಅವರೇ ನಿಧಾನಕ್ಕೆ ನಾಚಿಕೊಳ್ಳುವುದಿಲ್ಲ, ಇನ್ನು ನಮ್ಮದೇನು?

ಇನ್ನೊಂದು ತುದಿಯಲ್ಲಿ ಫೌಜಾ ಸಿಂಗ್. 2011ರಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದಾಗ ಅವರ ವಯಸ್ಸು 100 ಅಂತ ಹೇಳಲಾಯಿತು. ತೆಗೆದುಕೊಂಡದ್ದು 8 ಗಂಟೆಗೂ ಜಾಸ್ತಿ. ಹುಟ್ಟಿದ ದಿನದ ದಾಖಲೆ ಇಲ್ಲ ಅಂತ ಗಿನ್ನೆಸ್‌ನವರು ಒಪ್ಪಲಿಲ್ಲ. ಒಪ್ಪದಿದ್ದರೆ ಬಿಡಿ, 42 ಕಿ.ಮೀ. ಅಂತೂ ಓಡಿದ್ದಾಯಿತಲ್ಲ.

ನಡುವೆ ನಡೆಯುವುದೂ ತಪ್ಪಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ ಅವರು ಸ್ವಲ್ಪ ಓಟ, ಸ್ವಲ್ಪ ನಡಿಗೆ ಅನ್ನುವ ಕ್ರಮವನ್ನೇ ಲೆಕ್ಕವಿಲ್ಲದಷ್ಟು ಜನರಿಗೆ ಕಲಿಸಿದ್ದಾರೆ. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮುಂಚೆಯೇ ನಡೆಯುವುದು, ಅದರ ಗುಟ್ಟು ಇಷ್ಟೇ. ಅಜ್ಜನನ್ನು ಹಿಂದೆ ಹಾಕಲೇಬೇಕು ಅಂತ ಹಟ ಇದ್ದರೆ, ವಾರಕ್ಕೊಂದು ದಿನ ಮೈ ಬಿಸಿಯಾದ ಮೇಲೆ ಒಂದೊಂದು ನಿಮಿಷ ಜೋರಾಗಿ ಓಡಿ, ಮಧ್ಯೆ ಎರಡು ನಿಮಿಷ ನಡೆಯಿರಿ, ಹೀಗೆ ಆರು ಸಲ. ಎರಡು ತಿಂಗಳು ಬಿಟ್ಟು ಪತ್ರ ಬರೆಯಿರಿ.

ಪ್ರಶ್ನೆ: ಓಡುವ ಮುಂಚೆ ಏನು ತಿನ್ನಬೇಕು? ಖಾಲಿ ಹೊಟ್ಟೆಯಲ್ಲಿ ಓಡಿದರೆ ತಲೆ ತಿರುಗುತ್ತದೆ, ತಿಂದು ಓಡಿದರೆ ಇನ್ನೇನೋ ಆಗುತ್ತದೆ. (ಏನು ಅಂತ ಬರೆಯಲು ಸಂಕೋಚ.) – ಹೆಸರು ಬೇಡ

ಉತ್ತರ: ಸಂಕೋಚ ಬೇಡ, ಓಟಗಾರರು ಒಂದು ಕಡೆ ಸೇರಿದರೆ ಹತ್ತನೇ ನಿಮಿಷಕ್ಕೆ ಮಾತು ಬರುವುದು ಅಲ್ಲಿಗೇ. ಓಡುವಾಗ ರಕ್ತ ಕಾಲಿಗೆ ಜಾಸ್ತಿ ಹೋಗುತ್ತದೆ, ಹೊಟ್ಟೆಗೆ ಕಮ್ಮಿ. ಜೊತೆಗೆ ಒಂದೇ ಸಮ ಕುಲುಕಾಟ. ಹೊಟ್ಟೆಯಲ್ಲಿ ಇನ್ನೂ ಅರಗದ ಎಣ್ಣೆ ಪದಾರ್ಥವೋ ನಾರಿನ ಪದಾರ್ಥವೋ ಇದ್ದರೆ ಅದು ದಾರಿ ಹುಡುಕುತ್ತದೆ, ಪಾಪ, ಅದರ ತಪ್ಪಲ್ಲ.

ಅರ್ಧ ಗಂಟೆ, ಮುಕ್ಕಾಲು ಗಂಟೆ ಓಡುವುದಕ್ಕೆ ವಿಶೇಷವಾಗಿ ಏನೂ ಬೇಡ. ತಲೆ ತಿರುಗುವವರು ಅರ್ಧ ಗಂಟೆ ಮುಂಚೆ ಅರ್ಧ ಬಾಳೆಹಣ್ಣು ತಿನ್ನಿ. ಆದರೂ ತಿರುಗುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ದೊಡ್ಡ ಊಟ ಆಗಿದ್ದರೆ ಎರಡು ಮೂರು ಗಂಟೆ ಬಿಟ್ಟು ಓಡಿ.

ದೂರದ ಓಟಕ್ಕೆ ವಿಷಯ ಬೇರೆ. ಮೇಲೆ ಹೇಳಿದ ಲೆಕ್ಕ ನೆನಪಿದೆಯಾ? 60 ಕಿಲೋದವರಿಗೆ 42 ಕಿ.ಮೀ. ಅಂದರೆ 2,500 ಕ್ಯಾಲೊರಿ. ನಮ್ಮ ಸ್ನಾಯು, ಲಿವರ್ ಎರಡೂ ಸೇರಿ ಕೂಡಿಡುವ ಸಕ್ಕರೆ, ಗ್ಲೈಕೋಜನ್ ಅನ್ನುತ್ತಾರೆ, ಸುಮಾರು 400ರಿಂದ 500 ಗ್ರಾಂ. ಅದರಿಂದ ಸಿಗುವುದು 2,000 ಕ್ಯಾಲೊರಿ ಆಸುಪಾಸು. ಉಳಿದದ್ದು ಕೊಬ್ಬಿನಿಂದ ಬರಬೇಕು, ಕೊಬ್ಬು ಉರಿಯುವುದು ನಿಧಾನ. ಮ್ಯಾರಥಾನ್‌ನಲ್ಲಿ 30 ಕಿ.ಮೀ. ಹೊತ್ತಿಗೆ ತುಂಬಾ ಜನ ಇದ್ದಕ್ಕಿದ್ದಂತೆ ಸೀಮೆಎಣ್ಣೆ ಮುಗಿದ ದೀಪದ ಹಾಗೆ ಆಗುವುದು ಇದಕ್ಕೇ. ಓಟಗಾರರು ಅದನ್ನು 'ಗೋಡೆ' ಅನ್ನುತ್ತಾರೆ. ಅದಕ್ಕೇ ರೇಸಿಗೆ ಮುಂಚಿನ ಎರಡು ದಿನ ಅನ್ನ, ಬ್ರೆಡ್ಡು, ಆಲೂಗಡ್ಡೆ ಜಾಸ್ತಿ, ಕರಿದದ್ದು ಕಮ್ಮಿ. ಒಂದೂವರೆ ಗಂಟೆಗಿಂತ ಜಾಸ್ತಿ ಓಡುವುದಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ರೇಸಿನ ದಿನ ಹೊಸದೇನೂ ಬೇಡ. ಇದನ್ನು ನಾನು ಕಲಿತದ್ದು ಒಂದು ಹಾಫ್ ಮ್ಯಾರಥಾನ್‌ನಲ್ಲಿ. ಹಿಂದಿನ ರಾತ್ರಿ ಹೊಸ ಊರು, ಹೊಸ ಹೋಟೆಲ್, 'ಇಲ್ಲಿ ಇದನ್ನು ತಿನ್ನದೆ ಹೋಗಬಾರದು' ಅಂತ ಪಕ್ಕದ ಟೇಬಲ್‌ನವರು ಹೇಳಿದರು. ಖಾರ, ಎಣ್ಣೆ, ಹುಳಿ, ಎಲ್ಲ ಇತ್ತು, ರುಚಿಯೂ ಇತ್ತು, ಸುಳ್ಳು ಹೇಳಬಾರದು. ಮರುದಿನ 21 ಕಿ.ಮೀ. ಅನ್ನು ನಾನು ಶೌಚಾಲಯದಿಂದ ಶೌಚಾಲಯಕ್ಕೆ ಅಳೆಯುತ್ತಾ ಓಡಿದೆ. ಇದೇನು ಹೊಸ ಕಥೆಯಲ್ಲ ಬಿಡಿ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಕ್ಯೂಬಾದ ಫೆಲಿಕ್ಸ್ ಕಾರ್ವಾಹಾಲ್ ಎಂಬ ಅಂಚೆಯವನು ದಾರಿಬದಿಯ ತೋಟದ ಸೇಬು ತಿಂದು, ಹೊಟ್ಟೆನೋವು ಬಂದು, ಸ್ವಲ್ಪ ಹೊತ್ತು ಮಲಗಿ, ಎದ್ದು ಓಡಿದ ಅಂತ ಕಥೆಯಿದೆ. ಆದರೂ ನಾಲ್ಕನೆಯವನಾಗಿ ಮುಗಿಸಿದ. ನಾನು ಎಷ್ಟನೆಯವನು ಅಂತ ಕೇಳಬೇಡಿ.

ಪ್ರಶ್ನೆ: ಕೆಲಸದ ಮೇಲೆ ತಿಂಗಳಿಗೆ ಹತ್ತು ದಿನ ಊರೂರು ಸುತ್ತುತ್ತೇನೆ. ವಿಮಾನ, ಮೀಟಿಂಗ್, ಹೋಟೆಲ್ ಕೋಣೆ. ಓಟ ತಪ್ಪುತ್ತದೆ, ಊಟ ಕೆಡುತ್ತದೆ, ಊರು ನೋಡಿದ್ದೂ ಇಲ್ಲ. – ಸೂಟ್‌ಕೇಸ್

ಉತ್ತರ: ಮೂರಕ್ಕೂ ಒಂದೇ ಮದ್ದು ಇದೆ, ಬೆಳಿಗ್ಗೆ ಒಂದು ಗಂಟೆ ಬೇಗ ಏಳುವುದು. ಬೈಯಬೇಡಿ, ಪೂರ್ತಿ ಓದಿ.

ಹೊಸ ಊರನ್ನು ನೋಡಲು ಬೆಳಗಿನ ಓಟದಷ್ಟು ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನಡೆದರೆ ಎರಡು ಕಿ.ಮೀ. ನೋಡುತ್ತೀರಿ, ಕಾರಿನಲ್ಲಿ ಹೋದರೆ ಇಪ್ಪತ್ತು ಕಿ.ಮೀ. ದಾಟುತ್ತೀರಿ ಆದರೆ ಏನೂ ಕಾಣುವುದಿಲ್ಲ. ಓಡಿದರೆ ಆರು ಕಿ.ಮೀ., ಎಲ್ಲವೂ ಕಾಣುತ್ತದೆ, ಮೂಗಿಗೂ ತಿಳಿಯುತ್ತದೆ. ಅದೇ ಮುಖ್ಯ. ಅಂಗಡಿಗಳು ಬಾಗಿಲು ತೆರೆಯುವ ಹೊತ್ತು ಅದು. ಯಾವ ಬೇಕರಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿದೆ, ತರಕಾರಿ ಗಾಡಿ ಯಾವ ಹೋಟೆಲ್ ಮುಂದೆ ನಿಂತಿದೆ, ಕೆಲಸಕ್ಕೆ ಹೊರಟ ಜನ ಎಲ್ಲಿ ಸಾಲು ನಿಂತು ತಿನ್ನುತ್ತಿದ್ದಾರೆ, ಇದೆಲ್ಲ ಯಾವ ಮೊಬೈಲ್ ಆ್ಯಪ್‌ಗಿಂತಲೂ ನಂಬಿಕೆಯ ಸುದ್ದಿ. ನಾನು ಓಡುವಾಗ ಗುರುತು ಹಾಕಿಕೊಂಡು, ಸ್ನಾನ ಮಾಡಿ, ಅಲ್ಲಿಗೇ ತಿಂಡಿಗೆ ಹೋಗುತ್ತೇನೆ. ಹತ್ತರಲ್ಲಿ ಎಂಟು ಸಲ ಮೋಸವಾಗಿಲ್ಲ.

ದಾರಿ ತಪ್ಪದಿರಲು: ಮೊದಲ ದಿನ ಒಂದೇ ದಾರಿಯಲ್ಲಿ ನೇರ ಹೋಗಿ, ಹಾಗೇ ವಾಪಸ್ ಬನ್ನಿ. ನದಿ, ಕೆರೆ, ಸಮುದ್ರ ಇದ್ದರೆ ಅದರ ದಂಡೆ ಹಿಡಿಯಿರಿ, ನೀರು ಒಂದೇ ಕಡೆ ಇದ್ದರೆ ದಾರಿ ತಪ್ಪುವುದು ಕಷ್ಟ. ಉಳಿದುಕೊಂಡ ಜಾಗದ ವಿಳಾಸದ ಚೀಟಿ, ಸ್ವಲ್ಪ ದುಡ್ಡು ಜೇಬಲ್ಲಿರಲಿ. ಕತ್ತಲಿದ್ದರೆ ಬೆಳಕು ಬರುವ ತನಕ ಕಾಯಿರಿ, ಫುಟ್‌ಪಾತ್ ಇಲ್ಲದಿದ್ದರೆ ಎದುರಿನಿಂದ ವಾಹನ ಬರುವ ಬದಿಯಲ್ಲಿ ಓಡಿ, ಕಿವಿಯಲ್ಲಿ ಹಾಡು ಬೇಡ. ಗುರುತು ಇಟ್ಟುಕೊಳ್ಳುವಾಗ ಕದಲದ ವಸ್ತುವನ್ನು ಆರಿಸಿಕೊಳ್ಳಿ. ನಾನು ಒಮ್ಮೆ 'ಕೆಂಪು ಲಾರಿ ಹತ್ತಿರ ಎಡಕ್ಕೆ' ಅಂತ ನೆನಪಿಟ್ಟುಕೊಂಡು ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಲಾರಿ ತನ್ನ ಕೆಲಸಕ್ಕೆ ಹೊರಟುಹೋಗಿತ್ತು. 6 ಕಿ.ಮೀ. ಓಟ 13 ಆಯಿತು, ಮೀಟಿಂಗಿಗೆ ಒದ್ದೆ ತಲೆಯಲ್ಲೇ ಹೋದೆ.

ದೂರದೇಶಕ್ಕೆ ಹಾರಿದರೆ ಒಂದೊಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಮೈ ಹೊಂದಿಕೊಳ್ಳಲು ಬೇಕು. ಪೂರ್ವಕ್ಕೆ ಹೋದರೆ ಜಾಸ್ತಿ ಕಷ್ಟ, ಯಾಕೆಂದರೆ ನಮ್ಮೊಳಗಿನ ಗಡಿಯಾರದ ದಿನ 24 ಗಂಟೆಗಿಂತ ಒಂಚೂರು ಉದ್ದ, ಅದನ್ನು ತಡ ಮಾಡುವುದು ಸುಲಭ, ಬೇಗ ಮಾಡುವುದು ಕಷ್ಟ. ಮೊದಲ ಒಂದೆರಡು ದಿನ ಬಿಸಿಲಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಓಡಿ, ದಾಖಲೆ ಮುರಿಯಲು ಹೋಗಬೇಡಿ. ವಿಮಾನದೊಳಗಿನ ಗಾಳಿ ತುಂಬಾ ಒಣಗಿರುತ್ತದೆ, ಇಳಿದ ಮೇಲೆ ಬಾಯಾರಿಕೆ ಆದಷ್ಟು ನೀರು ಕುಡಿಯಿರಿ.

ಪ್ರಶ್ನೆ: ಓಡುವಾಗ ಎಷ್ಟು ನೀರು ಕುಡಿಯಬೇಕು? ಗೆಳೆಯರು 'ಬಾಯಾರಿಕೆ ಆಗುವ ಮುಂಚೆಯೇ ಕುಡಿ' ಅನ್ನುತ್ತಾರೆ.

ಉತ್ತರ: ಗೆಳೆಯರ ಮಾತು ಹಳತಾಯಿತು. ಬಾಯಾರಿಕೆ ಆದಾಗ ಕುಡಿಯಿರಿ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಕಮ್ಮಿಯಾಗಿತ್ತು. ಓಡುತ್ತಾ ಓಡುತ್ತಾ ತೂಕ ಇಳಿಯುವ ಬದಲು ಏರುವಷ್ಟು ಕುಡಿದವರಲ್ಲೇ ಅದು ಜಾಸ್ತಿ. ನೀರಿನ ವಿಷಯದಲ್ಲೂ ಅತಿಯಾದರೆ ಅಮೃತವೂ ವಿಷವೇ. ತಲೆನೋವು, ವಾಂತಿ, ಬೆರಳು ಊದುವುದು ಕಂಡರೆ ಇನ್ನಷ್ಟು ನೀರು ಸುರಿಯಬೇಡಿ, ಸಹಾಯ ಕೇಳಿ.

ಪ್ರಶ್ನೆ: ದುಬಾರಿ ಶೂ ಬೇಕೇ ಬೇಕಾ?

ಉತ್ತರ: ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದರು. 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡೂ ಗೆದ್ದರು. ಇದರಿಂದ ತಿಳಿಯುವುದು ಅವರು ಬಿಕಿಲಾ ಅಂತ ಮಾತ್ರ. ನಮಗೆ ಬೇಕಾದದ್ದು ಹಾಕಿಕೊಂಡ ತಕ್ಷಣ ಹಿತವಾಗಿರುವ, ಹೆಬ್ಬೆರಳ ಮುಂದೆ ಒಂದು ಬೆರಳಿನಷ್ಟು ಜಾಗ ಇರುವ ಶೂ. ಸಂಜೆ ಹೊತ್ತು ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. 500ರಿಂದ 800 ಕಿ.ಮೀ. ಆದ ಮೇಲೆ ಬದಲಾಯಿಸಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಮ್ಯಾರಥಾನ್ ಹುಚ್ಚು. ನಾಲ್ಕು ವರ್ಷದಿಂದ ನಾವು ಹೋದ ಪ್ರವಾಸವೆಲ್ಲ ರೇಸ್ ಇರುವ ಊರಿಗೇ. ರೇಸಿಗೆ ಮುಂಚೆ ಅವರು ನಡೆಯುವುದಿಲ್ಲ, ಕಾಲು ಉಳಿಸಬೇಕಂತೆ. ಹೊಸದೇನೂ ತಿನ್ನುವುದಿಲ್ಲ, ಹೊಟ್ಟೆ ಕೆಡುತ್ತದಂತೆ. ರೇಸ್ ಆದ ಮೇಲೆ ಮೆಟ್ಟಿಲು ಇಳಿಯುವುದಿಲ್ಲ. ನಾನೂ ಮಕ್ಕಳೂ ಬ್ಯಾಗು ಹಿಡಿದು ಫಿನಿಶ್ ಲೈನ್ ಹತ್ತಿರ ನಿಲ್ಲುವುದೇ ನಮ್ಮ ಪ್ರವಾಸ. – ಬ್ಯಾಗು ಕಾಯುವವಳು

ಉತ್ತರ: ನಿಮ್ಮ ಪತ್ರ ಓದಿ ನಕ್ಕೆ. ಆಮೇಲೆ ನಮ್ಮ ಮನೆಯವಳಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. 'ಇದನ್ನ ನಾನೇ ಬರೆದಿದ್ದು ಅಂದ್ಕೊಂಡ್ರಾ?' ಅಂದಳು. ಹಾಗಾಗಿ ಈ ಉತ್ತರದಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ.

ಯಜಮಾನರಿಗೆ ಈ ಭಾಗ ಓದಿ ಹೇಳಿ. ಸ್ವಾಮಿ, ರೇಸನ್ನು ಪ್ರವಾಸದ ಮೊದಲಿಗೆ ಇಟ್ಟುಕೊಳ್ಳಿ, ಕೊನೆಗಲ್ಲ. ಕೊನೆಗಿಟ್ಟರೆ ಐದು ದಿನವೂ ನೀವು ಪಥ್ಯ ಮಾಡುತ್ತೀರಿ, ಮನೆಯವರೂ ನಿಮ್ಮ ಜೊತೆ ಪಥ್ಯ ಮಾಡಬೇಕಾಗುತ್ತದೆ. ಮೊದಲಿಗೇ ಓಡಿ ಮುಗಿಸಿದರೆ ಹಸಿವು ಬಕಾಸುರನ ಹಾಗೆ ಇರುತ್ತದೆ, ಹೊಸ ಊರಿನ ಎಲ್ಲವನ್ನೂ ತಿನ್ನಬಹುದು. ಸ್ನಾಯುನೋವು ಜೋರಾಗಿರುವುದು ಓಡಿದ ಮರುದಿನದಿಂದ ಮೂರನೇ ದಿನದವರೆಗೆ. ಅಷ್ಟು ದಿನಕ್ಕೆ ದೋಣಿ, ಸಂತೆ, ಕೂತು ತಿನ್ನುವ ಜಾಗ ಇಟ್ಟುಕೊಂಡು ಬೆಟ್ಟ, ಕೋಟೆಗಳನ್ನು ನಾಲ್ಕನೇ ದಿನಕ್ಕೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ಇಳಿಜಾರು, ಮೆಟ್ಟಿಲು ಇಳಿಯುವಾಗ ಹಿಂಬದಿ ತಿರುಗಿ ಇಳಿದರೆ ನೋವು ಕಮ್ಮಿ. ಮಕ್ಕಳು ನಗುತ್ತಾರೆ, ನಗಲಿ ಬಿಡಿ.

ಎರಡನೆಯದು, ಪ್ರತಿ ಸಲವೂ 42.195 ಯಾಕೆ? ಆ ದೂರಕ್ಕೆ ದೇವರ ಅಪ್ಪಣೆಯೇನೂ ಇಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವನ್ನು ವಿಂಡ್ಸರ್ ಅರಮನೆಯ ಹತ್ತಿರ ಶುರು ಮಾಡಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಮುಂದೆ ಮುಗಿಸಿದರು. ಅಳೆದಾಗ ಅಷ್ಟು ಬಂತು. ಅದಕ್ಕೂ ಮುಂಚೆ, ಆಮೇಲೆ ಕೆಲವು ಸಲವೂ, ದೂರ ಬೇರೆ ಬೇರೆ ಇತ್ತು. 1921ರಲ್ಲಿ ಇದೇ ಇರಲಿ ಅಂತ ನಿಗದಿಯಾಯಿತು. ಯಾರೋ ಎಲ್ಲೋ ಕುರ್ಚಿ ಹಾಕಿ ಕೂತಿದ್ದಕ್ಕೆ ನಿಮ್ಮ ಮನೆಯವರು ಐದು ಗಂಟೆ ಬಿಸಿಲಲ್ಲಿ ನಿಲ್ಲಬೇಕಾ? 10 ಕಿ.ಮೀ. ಓಡಿ, ಎಂಟು ಗಂಟೆಗೆಲ್ಲ ತಿಂಡಿಗೆ ಎಲ್ಲರೂ ಒಟ್ಟಿಗೆ ಇರುತ್ತೀರಿ. ಅಥವಾ ಪಾರ್ಕ್‌ರನ್ ಹುಡುಕಿ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ 13 ಜನರಿಂದ ಶುರುವಾದದ್ದು, ಈಗ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಇದೆ. ವಾರಕ್ಕೊಮ್ಮೆ, ಹೆಚ್ಚಿನ ಕಡೆ ಶನಿವಾರ ಬೆಳಿಗ್ಗೆ, 5 ಕಿ.ಮೀ., ದುಡ್ಡಿಲ್ಲ. ನಡೆಯುವವರಿಗೂ ಜಾಗ ಇದೆ. ಹಾಗಾದರೆ ಬ್ಯಾಗು ಕಾಯುವವರು ಯಾರೂ ಉಳಿಯುವುದಿಲ್ಲ.

42 ಬಿಡಲಾರೆ ಅಂದರೆ ಫ್ರಾನ್ಸ್‌ನ ಮೆಡಾಕ್ ಮ್ಯಾರಥಾನ್‌ಗೆ ಕರೆದುಕೊಂಡು ಹೋಗಲಿ. ದ್ರಾಕ್ಷಿ ತೋಟಗಳ ಮಧ್ಯೆ ವೇಷ ಹಾಕಿಕೊಂಡು ಓಡುತ್ತಾರೆ, ದಾರಿಯಲ್ಲಿ ನೀರಿನ ಜೊತೆ ವೈನ್, ಕೊನೆಕೊನೆಗೆ ಚೀಸು, ಮಾಂಸ, ಸಿಂಪಿ ಕೂಡ. ಆರೂವರೆ ಗಂಟೆ ಸಮಯ. 'ರೇಸಿನ ದಿನ ಹೊಸದು ತಿನ್ನಬೇಡಿ' ಅಂತ ಈಗಷ್ಟೇ ಬರೆದ ನನ್ನ ನಿಯಮ ಅಲ್ಲಿ ನಡೆಯುವುದಿಲ್ಲ, ಏನು ಮಾಡಲಿ. ಕುಡಿದು ಓಡುವುದು ಒಳ್ಳೆಯದು ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಓಟವನ್ನು ಜಾತ್ರೆಯ ಹಾಗೆ ಮಾಡುವ ಜನರೂ ಇದ್ದಾರೆ ಅಂತ ಅವರಿಗೆ ತಿಳಿದರೆ ಮುಖದ ಬಿಗಿ ಸ್ವಲ್ಪ ಸಡಿಲಾಗಬಹುದು.

ಇನ್ನು ನಿಮಗೆ. ಮುಂದಿನ ಪ್ರವಾಸದ ಊರು ನೀವೇ ಆರಿಸಿ, ರೇಸ್ ಇರಬಾರದು. ಅವರು ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಎಷ್ಟು ಬೇಕಾದರೂ ಓಡಿ ಬರಲಿ, ಬರುವಾಗ ಬಿಸಿ ಬ್ರೆಡ್ಡು ತರಲಿ. ಬ್ಯಾಗು ಮಾತ್ರ ಅವರೇ ಹೊರಲಿ.

ಪ್ರಶ್ನೆ: 56 ವರ್ಷ. ಈಗ ಶುರು ಮಾಡಬಹುದಾ?

ಉತ್ತರ: ಮಾಡಬಹುದು. ಮೊದಲು ಡಾಕ್ಟರ ಹತ್ತಿರ ಹೋಗಿ ಬಿ.ಪಿ., ಹೃದಯ ತೋರಿಸಿ. ಆರು ವಾರ ಬರೀ ಬಿರುಸು ನಡಿಗೆ, ಆಮೇಲೆ ಅದರೊಳಗೆ ಒಂದೊಂದು ನಿಮಿಷ ಓಟ. ಎದೆ ಬಿಗಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ, ತಕ್ಷಣ ಆಸ್ಪತ್ರೆ, 'ಗ್ಯಾಸ್ ಇರಬೇಕು' ಅಂತ ಕಾಯಬೇಡಿ.

ಪ್ರಶ್ನೆ: ಕಣಕಾಲಿನ ಮೂಳೆಯಲ್ಲಿ ಸೀಳು. ಎಂಟು ವಾರ ಓಡಬಾರದು ಅಂದಿದ್ದಾರೆ. ಗೆಳೆಯರೆಲ್ಲ ಓಡುತ್ತಿದ್ದಾರೆ, ನಾನು ಕಿಟಕಿಯಲ್ಲಿ ನೋಡುತ್ತಿದ್ದೇನೆ. ತಿನ್ನಲೂ ಭಯ, ತೂಕ ಏರುತ್ತದಲ್ಲ. – ಕಿಟಕಿ

ಉತ್ತರ: ಈ ಪತ್ರಕ್ಕೆ ತಮಾಷೆ ಬರುತ್ತಿಲ್ಲ. ನನಗೂ ಒಮ್ಮೆ ಹೀಗೆ ಆಗಿತ್ತು. ನನ್ನದೇ ತಪ್ಪು, ಒಂದೇ ಜಾಗದಲ್ಲಿ ನೋವಿತ್ತು, ಬೆರಳಿಟ್ಟು ಒತ್ತಿದರೆ ಚುಚ್ಚುತ್ತಿತ್ತು, ಓಡಿದಂತೆ ಜಾಸ್ತಿಯಾಗುತ್ತಿತ್ತು, ಆದರೂ ಮೂರು ವಾರ ಓಡಿದೆ. ಎರಡೂ ತೊಡೆ ನೋಯುವುದು ಬೇರೆ, ಇದು ಬೇರೆ. ಓದುತ್ತಿರುವವರು ಗುರುತಿಟ್ಟುಕೊಳ್ಳಿ: ಒಂದೇ ಬಿಂದುವಿನಲ್ಲಿ ನೋವು, ದಿನದಿಂದ ದಿನಕ್ಕೆ ಜಾಸ್ತಿ, ಕುಂಟುವ ಹಾಗೆ ಆಗುವುದು, ಇದ್ದರೆ ಅವತ್ತೇ ನಿಲ್ಲಿಸಿ.

ತಿನ್ನಲು ಭಯ ಅಂದಿರಲ್ಲ, ಅದನ್ನು ಮೊದಲು ಬಿಡಿ. ಮೂಳೆ ಕೂಡುವುದು ಒಂದು ಕೆಲಸ, ಅದಕ್ಕೂ ಊಟ ಬೇಕು. ಪ್ರೊಟೀನ್, ಕ್ಯಾಲ್ಸಿಯಂ, ವಿಟಮಿನ್ ಡಿ, ಹೊಟ್ಟೆ ತುಂಬುವಷ್ಟು ಅನ್ನ. ಕಮ್ಮಿ ತಿಂದು ಜಾಸ್ತಿ ಓಡಿದವರಿಗೇ ಇಂಥ ಸೀಳು ಸುಲಭಕ್ಕೆ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಓಟದ ಜೊತೆ ಮುಟ್ಟು ತಪ್ಪಿದರೆ ಅದು ಊಟ ಸಾಲುತ್ತಿಲ್ಲ ಅನ್ನುವುದರ ಸೂಚನೆ ಇರಬಹುದು, ಡಾಕ್ಟರಿಗೆ ಹೇಳಲೇಬೇಕು. ತೂಕ ಒಂದೆರಡು ಕಿಲೋ ಏರಿದರೆ ಏರಲಿ.

ಆ ಎಂಟು ವಾರ ನಾನೇನು ಮಾಡಿದೆ ಅಂದರೆ, ಮೊದಲ ಎರಡು ವಾರ ಎಲ್ಲರ ಮೇಲೂ ಸಿಡುಕಿದೆ. ಮೂರನೇ ವಾರ ಮನೆಯವಳು ಕೈಗೆ ಚಾಕು, ಈರುಳ್ಳಿ ಕೊಟ್ಟು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿದಳು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ನಲವತ್ತು ನಿಮಿಷ ಬಾಡಿಸಿದರೆ ಅದು ಜೇನಿನಷ್ಟು ಸಿಹಿಯಾಗುತ್ತದೆ ಅಂತ ನನಗೆ ಗೊತ್ತಾದದ್ದು ಆಗಲೇ. ಅಷ್ಟು ವರ್ಷ ಓಡಿ ಬಂದು ಗಬಗಬ ತಿಂದವನಿಗೆ ಅಡುಗೆಗೂ ಲಾಂಗ್ ರನ್ ಇದೆ ಅಂತ ತಿಳಿದಿರಲಿಲ್ಲ. ಡಾಕ್ಟರು ಒಪ್ಪಿದರೆ ಈಜಿ, ಸೈಕಲ್ ತುಳಿಯಿರಿ. ಭಾನುವಾರ ಗೆಳೆಯರು ಓಡಿ ಮುಗಿಸುವ ಹೊತ್ತಿಗೆ ನೀವೂ ತಿಂಡಿಗೆ ಹೋಗಿ ಸೇರಿಕೊಳ್ಳಿ. ಓಡದವರಿಗೆ ತಿಂಡಿ ಕೊಡುವುದಿಲ್ಲ ಅಂತ ಯಾರೂ ಹೇಳುವುದಿಲ್ಲ.

ಪ್ರಶ್ನೆ: ದೂರದ ಓಟ ಮುಗಿಸಿದ ಮೇಲೆ ನೀವು ಮೊದಲು ಏನು ತಿನ್ನುತ್ತೀರಿ? ನಿಜ ಹೇಳಿ. – ಕುತೂಹಲಿ

ಉತ್ತರ: ಬೇಯಿಸಿದ ಆಲೂಗಡ್ಡೆ, ಉಪ್ಪು ಹಾಕಿ. ನನ್ನ ಮೊದಲ ಮ್ಯಾರಥಾನ್ ಮುಗಿಸುವಷ್ಟರಲ್ಲಿ ಊಟದ ಡೇರೆಯಲ್ಲಿ ಎಲ್ಲ ಖಾಲಿಯಾಗಿತ್ತು, ನಿಧಾನದವರ ಹಣೆಬರಹ. ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ಹಿರಿಯರೊಬ್ಬರು, ನನಗಿಂತಲೂ ಹಿಂದೆ ಬಂದವರು, ತಮ್ಮ ಡಬ್ಬಿ ತೆಗೆದು ಅರ್ಧ ಆಲೂಗಡ್ಡೆ ಕೊಟ್ಟರು. ಉಪ್ಪಿನ ಪೊಟ್ಟಣವನ್ನೂ ಮುಂದೆ ಮಾಡಿದರು. ಇನ್ನರ್ಧವನ್ನೂ ನಾನು ನೋಡುತ್ತಿದ್ದೆ ಅಂತ ಕಾಣುತ್ತದೆ. 'ಅದು ನನಗೆ' ಅಂದರು.